ಕೃದಂತದ ಕರ್ತೃ ಯಾರು? ಕೋಲಾರದ ಶಾಸನಗಳಿಂದ ಇಂಗ್ಲಿಷ್ ವ್ಯಾಕರಣದವರೆಗೆ

ಬೆಂಗಳೂರಿನಿಂದ ಪೂರ್ವಕ್ಕೆ ಹೊಸಕೋಟೆಯನ್ನು ದಾಟಿ ಕೋಲಾರದತ್ತ ಸಾಗುವ ಹೆದ್ದಾರಿಯ ಮೇಲೆ ನರಸಾಪುರವಿದೆ. ಕೋಲಾರ ತಾಲ್ಲೂಕಿನ ಈ ಹೋಬಳಿ ಕೇಂದ್ರವು ಈಚೆಗೆ ಕೈಗಾರಿಕಾ ಪ್ರದೇಶವೆಂದು ಹೆಸರಾಗಿದೆ. ಅಲ್ಲಿಯ ಕಾರ್ಖಾನೆಗಳಲ್ಲಿ ಕೆಲಸ ಹುಡುಕುವ ತರುಣ ತರುಣಿಯರಿಗೆ ಇಂಗ್ಲಿಷ್ ವ್ಯಾಕರಣವು ಪರೀಕ್ಷೆಯ ಅಂಕಗಳಿಗಷ್ಟೇ ಸಂಬಂಧಿಸಿದ ವಿಷಯವಲ್ಲ. ಯಂತ್ರದ ಪಕ್ಕದಲ್ಲಿ ತೂಗುಹಾಕುವಂಥ ಒಂದು ಸೂಚನೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು: 'ವೆನ್ ಕ್ಲೀನಿಂಗ್ ದಿ ಮಷೀನ್, ದಿ ಸ್ವಿಚ್ ಮಸ್ಟ್ ಬಿ ಆಫ್.' ಯಂತ್ರವನ್ನು ಶುಚಿಮಾಡುವಾಗ ಸ್ವಿಚ್ಚು ಆರಿರಬೇಕು ಎಂಬುದು ಇದರ ತಾತ್ಪರ್ಯ. ಆದರೆ ಇಂಗ್ಲಿಷಿನ ನಿಷ್ಠುರ ವೈಯಾಕರಣನು ಇದನ್ನು ಒಪ್ಪುವುದಿಲ್ಲ. ಅವನ ಲೆಕ್ಕದಲ್ಲಿ ಈ ವಾಕ್ಯದೊಳಗೆ ಯಂತ್ರವನ್ನು ಶುಚಿಮಾಡುತ್ತಿರುವುದು ಕಾರ್ಮಿಕನಲ್ಲ, ಸ್ವಿಚ್ಚು.

ಈ ತಪ್ಪಿಗೆ ಇಂಗ್ಲಿಷ್ ವ್ಯಾಕರಣಗಳಲ್ಲಿ 'ಡ್ಯಾಂಗ್ಲಿಂಗ್ ಪಾರ್ಟಿಸಿಪಲ್' ಎಂದು ಹೆಸರು. ಆಧಾರವಿಲ್ಲದೆ ತೂಗಾಡುತ್ತಿರುವ ಕೃದಂತ ಎಂದರ್ಥ. ಕ್ರಿಯಾಧಾತುವಿನಿಂದ ಹುಟ್ಟಿದರೂ ಸ್ವತಂತ್ರವಾಗಿ ವಾಕ್ಯವನ್ನು ಮುಗಿಸಲಾರದ ರೂಪವೇ ಪಾರ್ಟಿಸಿಪಲ್, ನಮ್ಮ ಪರಿಭಾಷೆಯಲ್ಲಿ ಕೃದಂತ. ಆ ರೂಪವು ತನ್ನ ಕರ್ಮ, ವಿಶೇಷಣ ಮುಂತಾದ ಪರಿವಾರದೊಡನೆ ಒಂದು ಪದಪುಂಜವಾಗಿ ನಿಂತಾಗ ಅದು ಪಾರ್ಟಿಸಿಪಲ್ ಫ್ರೇಸ್. ಅದರೊಳಗಿನ ಕ್ರಿಯೆಯನ್ನು ಮಾಡಿದವರು ಯಾರೆಂದು ಪುಂಜವು ತಾನಾಗಿ ಹೇಳುವುದಿಲ್ಲ. ಮುಖ್ಯ ವಾಕ್ಯದ ಕರ್ತೃವೇ ಅದಕ್ಕೂ ಕರ್ತೃ ಎಂದು ಓದುಗನು ಗ್ರಹಿಸುತ್ತಾನೆ. ಹಾಗೆ ಗ್ರಹಿಸಿದಾಗ ಅಸಂಗತವಾದ ಅರ್ಥ ಬಂದರೆ ವಾಕ್ಯವು ದುಷ್ಟವೆನಿಸುತ್ತದೆ. ನಮ್ಮ ಶಾಲೆಗಳಲ್ಲಿ ಇದನ್ನು ಇಂಗ್ಲಿಷಿನದೇ ಆದ ಒಂದು ವಿಚಿತ್ರ ಕಟ್ಟಳೆಯೆಂಬಂತೆ ಕಲಿಸುವುದು ವಾಡಿಕೆ. ವಾಸ್ತವದಲ್ಲಿ ಕೃದಂತದ ಕರ್ತೃ ಯಾರು ಎಂಬ ಪ್ರಶ್ನೆ ಭಾರತೀಯ ವ್ಯಾಕರಣಕ್ಕೆ ಅತ್ಯಂತ ಹಳೆಯದು. ಕನ್ನಡವಂತೂ ಆ ಪ್ರಶ್ನೆಗೆ ಬೇರೆ ಬೇರೆ ಪ್ರತ್ಯಯಗಳ ಮೂಲಕ ಉತ್ತರ ಕೊಟ್ಟಿತ್ತು. ಆ ಉತ್ತರದ ಸಾಕ್ಷ್ಯವು ಕೋಲಾರ ಸೀಮೆಯ ಕಲ್ಲುಗಳ ಮೇಲೆಯೇ ಉಳಿದಿದೆ.

ಕೋಲಾರವು ಪ್ರಾಚೀನ ಕುವಳಾಲ. ತಲಕಾಡಿಗೆ ಹೋದ ಮೇಲೆಯೂ ಗಂಗ ಅರಸರು ತಮ್ಮನ್ನು ಕುವಳಾಲಪುರದ ಒಡೆಯರೆಂದು ಕರೆದುಕೊಳ್ಳುವುದನ್ನು ಬಿಡಲಿಲ್ಲ. ಶ್ರೀನಿವಾಸಪುರ ತಾಲ್ಲೂಕಿನ ಗುಮ್ಮರೆಡ್ಡಿಪುರದಲ್ಲಿ ದೊರೆತ ತಾಮ್ರಪಟಗಳು ಈ ವಂಶದ ದುರ್ವಿನೀತನವು. ಅವನನ್ನು ಅವು ಶಬ್ದಾವತಾರದ ಕರ್ತೃವೆಂದೂ, ಬೃಹತ್ಕಥೆಯನ್ನು ದೇವಭಾರತಿಗೆ ಎಂದರೆ ಸಂಸ್ಕೃತಕ್ಕೆ ತಂದವನೆಂದೂ, ಕಿರಾತಾರ್ಜುನೀಯದ 15ನೆಯ ಸರ್ಗಕ್ಕೆ ಟೀಕೆ ಬರೆದವನೆಂದೂ ವರ್ಣಿಸುತ್ತವೆ. ಶಬ್ದಾವತಾರವು ಹೆಸರೇ ಸೂಚಿಸುವಂತೆ ವ್ಯಾಕರಣ ಗ್ರಂಥ. ಇದೇ ದುರ್ವಿನೀತನ ಹೆಸರು ಕವಿರಾಜಮಾರ್ಗದಲ್ಲಿ ಕನ್ನಡದ ಗದ್ಯಕಾರರ ಸಾಲಿನಲ್ಲಿಯೂ ಬರುತ್ತದೆ. ಇತ್ತ ಜೈನೇಂದ್ರ ವ್ಯಾಕರಣದ ಕರ್ತೃಗಳಾದ ಪೂಜ್ಯಪಾದ ದೇವನಂದಿಯವರು ಪಾಣಿನಿಯ ಮೇಲೆ ಶಬ್ದಾವತಾರವೆಂಬ ನ್ಯಾಸವನ್ನು ರಚಿಸಿದರೆಂದು ನಗರ ಸೀಮೆಯ ಒಂದು ಶಾಸನವು ಹೇಳುತ್ತದೆ. ಬಿ.ಎಲ್. ರೈಸ್ ಅವರು ಇವೆರಡನ್ನೂ ಹೆಣೆದು ದುರ್ವಿನೀತನು ಪೂಜ್ಯಪಾದರ ಶಿಷ್ಯನಾಗಿದ್ದನೆಂದು ಊಹಿಸಿದರು. ಎಲ್ಲ ವಿದ್ವಾಂಸರೂ ಅದನ್ನು ಒಪ್ಪಿಲ್ಲ. ಒಂದೇ ಹೆಸರಿನ ಎರಡು ಗ್ರಂಥಗಳೋ, ಗುರುವಿನ ಗ್ರಂಥವು ಶಿಷ್ಯನ ಬಿರುದಿಗೆ ಸೇರಿತೋ ಎಂಬ ಚರ್ಚೆಯ ತಿರುಳೂ ಕರ್ತೃ ಯಾರು ಎಂಬುದೇ ಆಗಿರುವುದು ಒಂದು ಸೋಜಿಗ.

ತಾಮ್ರಪಟಗಳ ಸಂಸ್ಕೃತದಲ್ಲಿ ಕೃದಂತದ ಕರ್ತೃವನ್ನು ತಿಳಿಸುವ ಹೊಣೆ ವಿಭಕ್ತಿಯದು ಮತ್ತು ಸಮಾಸದ್ದು. 'ನಿಬದ್ಧ' ಎಂಬ ಭೂತಕೃದಂತವು ಕರ್ಮಣಿಯಾದುದರಿಂದ ಕಟ್ಟಲ್ಪಟ್ಟದ್ದು ಎಂಬಷ್ಟನ್ನೇ ಹೇಳುತ್ತದೆ. ಕಟ್ಟಿದವನನ್ನು ತೃತೀಯಾ ವಿಭಕ್ತಿಯಿಂದಲೋ ಬಹುವ್ರೀಹಿಯಿಂದಲೋ ತಿಳಿಯಬೇಕು. ಸಂಸ್ಕೃತದ ಇಂಥ ಕೃದಂತಗಳು ಲಿಂಗ, ವಚನ, ವಿಭಕ್ತಿಗಳಲ್ಲಿ ವಿಶೇಷ್ಯವನ್ನು ಅನುಸರಿಸುವುದರಿಂದ ಯಾವುದು ಯಾವುದಕ್ಕೆ ಸೇರಿದ್ದೆಂದು ದೂರದಿಂದಲೇ ಗುರುತಿಸಬಹುದು. ಇಂಗ್ಲಿಷಿಗೆ ಆ ವಿಭಕ್ತಿಗಳಿಲ್ಲ. ಅಲ್ಲಿ ಪದದ ಸ್ಥಾನವೊಂದೇ ಆಧಾರ. ಕನ್ನಡದ ಕೃದಂತಕ್ಕೂ ಲಿಂಗವಚನಗಳ ಅನುಸರಣೆಯಿಲ್ಲ. ಹಾಗಾದರೆ ಕನ್ನಡವು ಏನನ್ನು ಆಶ್ರಯಿಸಿತು?

ಉತ್ತರವನ್ನು ವೀರಗಲ್ಲುಗಳಲ್ಲಿ ಕಾಣಬಹುದು. ಗಂಗ, ಬಾಣ, ನೊಳಂಬರ ಎಲ್ಲೆಗಳು ಮತ್ತೆ ಮತ್ತೆ ಸರಿದಾಡಿದ ಕೋಲಾರ, ಮುಳುಬಾಗಿಲು ಸೀಮೆಯಲ್ಲಿ ತುರುಗೊಳ್ಳುವಿಕೆ ಸಾಮಾನ್ಯವಾಗಿತ್ತು. ಊರಿನ ದನಗಳಿಗಾಗಿ ಹೋರಾಡಿ ಮಡಿದವರಿಗೆ ನಿಲ್ಲಿಸಿದ ಕಲ್ಲುಗಳೂ ಸಾಮಾನ್ಯ. ರೈಸ್ ಅವರು 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ 10ನೆಯ ಸಂಪುಟವು ಈ ಜಿಲ್ಲೆಯ ಶಾಸನಗಳಿಗೆ ಮೀಸಲು. ಅದರಲ್ಲಿ ಇಂಥ ಬರಹಗಳು ಹೇರಳ. ಅವುಗಳ ವಾಕ್ಯಬಂಧವು ಬಹುಮಟ್ಟಿಗೆ ಒಂದೇ ಅಚ್ಚಿನದು. ಯಾವ ಕಲ್ಲಿನ ಪಾಠವನ್ನೂ ಎತ್ತಿಕೊಳ್ಳದೆ ಆ ಅಚ್ಚನ್ನಷ್ಟೇ ತೋರಿಸಲು ಹೀಗೊಂದು ವಾಕ್ಯವನ್ನು ಕಟ್ಟಬಹುದು: 'ಅರಸನ್ ಆಳೆ, ಕಳ್ಳರ್ ತುಱುಗೊಳೆ, ಊರ ಮಗನ್ ಕಾದಿ ಇಱಿದು ಸತ್ತನ್.' ಅರಸನು ಆಳುತ್ತಿರಲು, ಕಳ್ಳರು ದನಗಳನ್ನು ಹೊಡೆದುಕೊಂಡು ಹೋಗಲು, ಊರ ಮಗನು ಕಾದಾಡಿ, ಇರಿದು, ಸತ್ತನು.

ಐದು ಕ್ರಿಯೆಗಳು, ಮೂವರು ಕರ್ತೃಗಳು, ಒಂದೇ ಪೂರ್ಣಕ್ರಿಯೆ. ಹೀಗಿದ್ದರೂ ಯಾರು ಆಳಿದರು, ಯಾರು ಕದ್ದರು, ಯಾರು ಸತ್ತರು ಎಂಬಲ್ಲಿ ಕಿಂಚಿತ್ತೂ ಗೊಂದಲವಿಲ್ಲ. 'ಆಳೆ', 'ಕೊಳೆ' ಎಂಬಲ್ಲಿಯ ಎಕಾರವು ಈ ಕ್ರಿಯೆಯ ಕರ್ತೃ ಬೇರೆ, ಮುಂದಿನ ಕ್ರಿಯೆಯ ಕರ್ತೃ ಬೇರೆ ಎಂದು ಮೊದಲೇ ಎಚ್ಚರಿಸುತ್ತದೆ. 'ಕಾದಿ', 'ಇಱಿದು' ಎಂಬ ರೂಪಗಳು ಕರ್ತೃ ಬದಲಾಗಿಲ್ಲ, ಅವನೇ ಮುಂದುವರಿಯುತ್ತಾನೆ ಎಂದು ತಿಳಿಸುತ್ತವೆ. ಮೊದಲನೆಯದು ಭಿನ್ನಕರ್ತೃಕ, ಎರಡನೆಯದು ಏಕಕರ್ತೃಕ. ಕಲ್ಲು ಕಡೆಯುವವನು ವ್ಯಾಕರಣಶಾಸ್ತ್ರವನ್ನು ಓದಿದ್ದನೆಂದು ಭಾವಿಸಬೇಕಾಗಿಲ್ಲ. ಈ ವಿವೇಕವು ಆಡುಮಾತಿನಲ್ಲಿಯೇ ನೆಲೆಸಿದ್ದುದರಿಂದ ಅವನ ಉಳಿಯಲ್ಲಿ ತಾನಾಗಿ ಬಂದಿತು. ರೈಸ್ ಅವರು ಈ ಶಾಸನಗಳನ್ನು ಇಂಗ್ಲಿಷಿಗೆ ತರುವಾಗ ಎಕಾರಾಂತ ರೂಪಗಳನ್ನು ಸಾಮಾನ್ಯವಾಗಿ 'ವೆನ್' ಎಂದು ಆರಂಭವಾಗುವ ಪೂರ್ಣ ಉಪವಾಕ್ಯಗಳಾಗಿ ಬಿಡಿಸಿದರು. ಅನುವಾದಕನಾಗಿ ಅದು ಸರಿಯಾದ ನಿರ್ಧಾರ. ಬರಿಯ 'ರೂಲಿಂಗ್' ಎಂಬ ಕೃದಂತವನ್ನು ಇಟ್ಟಿದ್ದರೆ ಅರಸೊತ್ತಿಗೆಯು ಸತ್ತ ವೀರನ ಪಾಲಾಗುತ್ತಿತ್ತು.

ಸಂಸ್ಕೃತ ವ್ಯಾಕರಣದಲ್ಲಿಯೂ ಇದೇ ವಿಭಾಗವಿದೆ. ಎರಡು ಕ್ರಿಯೆಗಳಿಗೆ ಕರ್ತೃವು ಸಮಾನನಾಗಿದ್ದರೆ ಮಾತ್ರ ಮೊದಲು ನಡೆದ ಕ್ರಿಯೆಯ ಧಾತುವಿಗೆ ಕ್ತ್ವಾ ಪ್ರತ್ಯಯ ಬರಬೇಕೆಂದು ಪಾಣಿನಿಯು ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದಲ್ಲಿ ವಿಧಿಸಿದ್ದಾನೆ. 'ಗತ್ವಾ', 'ಕೃತ್ವಾ' ಎಂಬವು ಇದಕ್ಕೆ ಉದಾಹರಣೆ. ಕರ್ತೃ ಬೇರೆಯಾದರೆ, ಒಂದರ ಕ್ರಿಯೆಯು ಮತ್ತೊಂದರ ಕ್ರಿಯೆಗೆ ಕಾಲಸೂಚಕವಾದರೆ, ಸಪ್ತಮೀ ವಿಭಕ್ತಿ ಬರುತ್ತದೆ. ಅದೇ ಸತಿಸಪ್ತಮಿ. ಲ್ಯಾಟಿನ್ನಿನಲ್ಲಿ ಇದಕ್ಕೆ ಸಮಾನವಾದುದು ಪಂಚಮಿಯನ್ನು ಹೋಲುವ ವಿಭಕ್ತಿಯ ಸ್ವತಂತ್ರ ಪ್ರಯೋಗ. ಅದರ ಅನುಕರಣೆಯಿಂದ ಪ್ರಾಚೀನ ಇಂಗ್ಲಿಷಿನಲ್ಲಿ ಚತುರ್ಥೀ ವಿಭಕ್ತಿಯ ಇಂಥ ಪ್ರಯೋಗ ಬಳಕೆಗೆ ಬಂದಿತೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ವಿಭಕ್ತಿಗಳು ಸವೆದುಹೋದ ಮೇಲೆ ಇಂಗ್ಲಿಷಿನಲ್ಲಿ ಉಳಿದುದು 'ದಿ ಸನ್ ಹ್ಯಾವಿಂಗ್ ಸೆಟ್, ದೇ ವೆಂಟ್ ಹೋಮ್' ಎಂಬ ರೀತಿಯ ರಚನೆ. ಸೂರ್ಯನು ಮುಳುಗಲು ಅವರು ಮನೆಗೆ ಹೋದರು. ಇಲ್ಲಿ ಕೃದಂತವು ತನ್ನ ಕರ್ತೃವನ್ನು ತನ್ನೊಡನೆಯೇ ಕರೆತಂದಿದೆ. ಆದುದರಿಂದ ಅದು ತೂಗಾಡುವುದಿಲ್ಲ. ಹಳಗನ್ನಡದಲ್ಲಿ 'ಸೂರ್ಯಂ ಮುೞುಗೆ' ಎಂದರೆ ಮುಗಿಯಿತು. ಇಂಗ್ಲಿಷಿನ 'ಹ್ಯಾವಿಂಗ್' ಎಂಬುದರ ಕೆಲಸವನ್ನು ಒಂದು ಎಕಾರವು ನಿರ್ವಹಿಸಿತು.

ಕನ್ನಡದ ವ್ಯಾಕರಣ ಪರಂಪರೆಯನ್ನು ಕಟ್ಟಿದವರಲ್ಲಿ ಜೈನ ವಿದ್ವಾಂಸರ ಪಾಲು ದೊಡ್ಡದು. ಕಾವ್ಯಾವಲೋಕನದ ಶಬ್ದಸ್ಮೃತಿಯನ್ನು ಕನ್ನಡದಲ್ಲಿಯೂ ಕರ್ಣಾಟಕ ಭಾಷಾಭೂಷಣವನ್ನು ಸಂಸ್ಕೃತ ಸೂತ್ರಗಳಲ್ಲಿಯೂ ರಚಿಸಿದ ಎರಡನೆಯ ನಾಗವರ್ಮ. ಸುಮಾರು 1260ರಲ್ಲಿ ಶಬ್ದಮಣಿದರ್ಪಣವನ್ನು ಬರೆದ ಕೇಶಿರಾಜ. 1604ರಲ್ಲಿ 592 ಸಂಸ್ಕೃತ ಸೂತ್ರಗಳ ಶಬ್ದಾನುಶಾಸನವನ್ನು ಮುಗಿಸಿದ ಭಟ್ಟಾಕಳಂಕ. ಇವರಲ್ಲಿ ಕೇಶಿರಾಜನು ಸೂಕ್ತಿಸುಧಾರ್ಣವದ ಮಲ್ಲಿಕಾರ್ಜುನನ ಮಗ, ಜನ್ನಕವಿಯ ಸೋದರಳಿಯ. ಕವಿಗಳ ಮನೆಯಲ್ಲಿ ಬೆಳೆದ ವೈಯಾಕರಣನಾದುದರಿಂದ ಅವನಿಗೆ ಪೂರ್ವಕವಿಗಳ ಪ್ರಯೋಗವೇ ಪ್ರಮಾಣ.

ನಾಮಪ್ರಕೃತಿಗಳನ್ನು ಕೇಶಿರಾಜನು ನಾಲ್ಕು ಬಗೆಯಾಗಿ ವಿಂಗಡಿಸುತ್ತಾನೆ. ಅವುಗಳಲ್ಲಿ ಕೃಲ್ಲಿಂಗವೂ ಒಂದು. 'ಮಾಡಿದಂ', 'ಮಾಡುವಂ', 'ಮಾಡದಂ' ಎಂಬವು ಧಾತುವಿನಿಂದ ಹುಟ್ಟಿ ನಾಮಗಳಂತೆ ವಿಭಕ್ತಿಗಳನ್ನು ಪಡೆಯುತ್ತವೆ. ಭೂತ, ಭವಿಷ್ಯತ್, ನಿಷೇಧ ಎಂಬ ಈ ಮೂರರ ಕಟ್ಟು ಇಂದಿನ ಶಾಲಾ ವ್ಯಾಕರಣದವರೆಗೂ ಬಂದಿದೆ. ತೀ.ನಂ. ಶ್ರೀಕಂಠಯ್ಯನವರ ಕನ್ನಡ ಮಧ್ಯಮ ವ್ಯಾಕರಣವನ್ನು ಓದಿದವರಿಗೆ ಕೃದಂತನಾಮ, ಕೃದಂತ ಭಾವನಾಮ, ಕೃದಂತಾವ್ಯಯ ಎಂಬ ವಿಭಾಗವು ಪರಿಚಿತವೇ ಆಗಿದೆ. ಶಾಸನಗಳ ಕೊನೆಯಲ್ಲಿ ಬರುವ ಶಾಪವಾಕ್ಯದ 'ಅೞಿದೊಂ' ಎಂಬುದು ಕೃದಂತನಾಮಕ್ಕೆ ಒಳ್ಳೆಯ ಉದಾಹರಣೆ. ದತ್ತಿಯನ್ನು ಕೆಡಿಸಿದವನು ಎಂಬ ಇಡಿಯ ಉಪವಾಕ್ಯವು ಅಲ್ಲಿ ಒಂದು ಪದದಲ್ಲಿ ಅಡಗಿದೆ. ಕರ್ತೃವು ಮುಂದೆ ಎಂದೋ ಹುಟ್ಟಲಿರುವ, ಹೆಸರು ಗೊತ್ತಿಲ್ಲದ ದುಷ್ಟ. ಅವನಿಗೂ ವ್ಯಾಕರಣವು ಒಂದು ಸ್ಥಾನವನ್ನು ಕಾದಿರಿಸಿದೆ.

ಇಂಗ್ಲಿಷ್ ಕಲಿಯುವ ಕನ್ನಡಿಗನು ಮೊದಲು ತಿಳಿಯಬೇಕಾದುದು ಈ ವಿಭಾಗವನ್ನೇ. ಇಂಗ್ಲಿಷಿನಲ್ಲಿ 'ಸ್ಟ್ಯಾಂಡಿಂಗ್ ಅಟ್ ದಿ ಗೇಟ್' ಎಂಬ ಪದಪುಂಜವು ಎರಡು ಕೆಲಸ ಮಾಡುತ್ತದೆ. 'ದಿ ಮ್ಯಾನ್' ಎಂಬುದರ ಹಿಂದೆಯೇ ಬಂದರೆ ಅದು ಬಾಗಿಲಲ್ಲಿ ನಿಂತ ಮನುಷ್ಯನನ್ನು ಗುರುತಿಸುತ್ತದೆ. ವಾಕ್ಯದ ತಲೆಯಲ್ಲಿ ಬಂದರೆ ಬಾಗಿಲಲ್ಲಿ ನಿಂತು ಏನನ್ನೋ ಮಾಡಿದ ರೀತಿಯನ್ನು ಹೇಳುತ್ತದೆ. ರೂಪ ಒಂದೇ. ಕನ್ನಡದಲ್ಲಿ 'ನಿಂತ' ಬೇರೆ, 'ನಿಂತು' ಬೇರೆ. ಮೊದಲನೆಯದು ನಾಮವನ್ನು ಬಯಸುತ್ತದೆ, ಎರಡನೆಯದು ಕ್ರಿಯೆಯನ್ನು. ತಮಿಳು ವ್ಯಾಕರಣ ಪರಂಪರೆಯು ಇವಕ್ಕೆ ಪೆಯರೆಚ್ಚಂ, ವಿನೈಯೆಚ್ಚಂ ಎಂದು ಹೆಸರಿಟ್ಟಿದೆ. ನಾಮದಿಂದ ಪೂರ್ಣವಾಗಬೇಕಾದುದು, ಕ್ರಿಯೆಯಿಂದ ಪೂರ್ಣವಾಗಬೇಕಾದುದು ಎಂದು ಅವುಗಳ ಅರ್ಥ. ಇಷ್ಟು ನಿಖರವಾದ ಪರಿಭಾಷೆ ಬೇರೆಡೆ ದುರ್ಲಭ. ಹಳೆಯ ಕನ್ನಡ ಶಾಲಾ ವ್ಯಾಕರಣಗಳ 'ಭೂತನ್ಯೂನ', 'ವರ್ತಮಾನನ್ಯೂನ' ಎಂಬ ಮಾತುಗಳೂ ಅಪೂರ್ಣತೆಯನ್ನೇ ಸೂಚಿಸುತ್ತವೆ, ಆದರೆ ಯಾವುದರಿಂದ ಪೂರ್ಣವಾಗಬೇಕೆಂದು ಹೇಳುವುದಿಲ್ಲ. ಕೋಲಾರಮ್ಮನ ಗುಡಿಯ ಗೋಡೆಗಳ ಮೇಲೆ ಚೋಳರ ಕಾಲದ ತಮಿಳು ಶಾಸನಗಳಿವೆ. ಜಿಲ್ಲೆಯ ಅನೇಕ ಮನೆಗಳಲ್ಲಿ ಇಂದಿಗೂ ತೆಲುಗು ಮನೆಮಾತು. ತೆಲುಗಿನ 'ವಚ್ಚಿ', 'ವಚ್ಚಿನ' ಎಂಬವು 'ಬಂದು', 'ಬಂದ' ಎಂಬವುಗಳಿಗೆ ಅಚ್ಚುಕಟ್ಟಾಗಿ ಹೊಂದುತ್ತವೆ. ನರಸಾಪುರದ ಸುತ್ತಿನ ಮಗುವು ಯಾವ ಮಾತಿನ ಮನೆಯಿಂದ ಬಂದರೂ ಈ ಭೇದವನ್ನು ನಾಲಗೆಯ ಮೇಲೆ ಹೊತ್ತೇ ಶಾಲೆಗೆ ಬರುತ್ತದೆ.

'ನಿಂತ', 'ಕೊಯ್ದ' ಎಂಬ ಜಾತಿಯ ರೂಪಗಳಿಗೆ ಇನ್ನೊಂದು ವೈಶಿಷ್ಟ್ಯವಿದೆ. ರಾಗಿ ಕೊಯ್ದ ಆಳು, ರಾಗಿ ಕೊಯ್ದ ಕುಡುಗೋಲು, ರಾಗಿ ಕೊಯ್ದ ಹೊಲ, ರಾಗಿ ಕೊಯ್ದ ದಿನ, ಆಳು ಕೊಯ್ದ ರಾಗಿ. ಐದೆಡೆಯಲ್ಲಿಯೂ 'ಕೊಯ್ದ' ಎಂಬ ಒಂದೇ ರೂಪ. ಅದರ ಮುಂದಿನ ನಾಮವು ಕ್ರಮವಾಗಿ ಕರ್ತೃ, ಕರಣ, ಅಧಿಕರಣ, ಕಾಲ, ಕರ್ಮ. ಕರ್ತರಿ ಕರ್ಮಣಿಗಳ ಭೇದವನ್ನು ಈ ಕೃದಂತವು ಗಣಿಸುವುದೇ ಇಲ್ಲ. ಇಂಗ್ಲಿಷಿನ ಕೃದಂತವು ಇದಕ್ಕೆ ವಿರುದ್ಧ ಸ್ವಭಾವದ್ದು. ಸಕರ್ಮಕ ಧಾತುವಿನ ಭೂತಕೃದಂತವು ನಾಮದ ಪಕ್ಕದಲ್ಲಿ ನಿಂತರೆ ಕರ್ಮಣಿಯಾಗಿಯೇ ಅರ್ಥ ಕೊಡುತ್ತದೆ: ಕೊಯ್ಯಲ್ಪಟ್ಟ ರಾಗಿ ಸಾಧು, ಕೊಯ್ದ ಆಳು ಅಸಾಧು. ಆಳಿಗೆ 'ಹೂ' ಎಂಬ ಸಂಬಂಧಾರ್ಥಕ ಸರ್ವನಾಮ ಬೇಕು, ಕುಡುಗೋಲಿಗೆ 'ವಿತ್ ವಿಚ್' ಬೇಕು, ಹೊಲಕ್ಕೆ 'ವೇರ್' ಬೇಕು. ಕನ್ನಡದ ವಿದ್ಯಾರ್ಥಿಯು ಇಲ್ಲಿ ಎಡವುವುದಕ್ಕೆ ಕಾರಣ ಅವನ ಮಂದಬುದ್ಧಿಯಲ್ಲ. ಅವನ ಭಾಷೆಯಲ್ಲಿ ತೆರೆದಿರುವ ಬಾಗಿಲು ಇಂಗ್ಲಿಷಿನಲ್ಲಿ ಮುಚ್ಚಿದೆ.

19ನೆಯ ಶತಮಾನದ ಯುರೋಪಿಯನ್ ವೈಯಾಕರಣರು ಇದೇ ಗೋಡೆಯನ್ನು ಆಚೆಯ ಬದಿಯಿಂದ ಮುಟ್ಟಿದರು. ವಿಲಿಯಂ ಕೇರಿಯ ಕನ್ನಡ ವ್ಯಾಕರಣವು 1817ರಲ್ಲಿ ಸೆರಾಂಪುರದಲ್ಲಿಯೂ, ಮೆಕೆರೆಲ್ಲನದು 1820ರಲ್ಲಿ ಮದರಾಸಿನಲ್ಲಿಯೂ ಅಚ್ಚಾದವು. 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ಲರ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬಂದಿತು. ದ್ರಾವಿಡ ಭಾಷೆಗಳಲ್ಲಿ ಸಂಬಂಧಾರ್ಥಕ ಸರ್ವನಾಮದ ಕೆಲಸವನ್ನು ಕೃದಂತವೇ ಮಾಡುವುದನ್ನು ಕಂಡು ಕಾಲ್ಡ್‌ವೆಲ್ಲರು 'ಮಾಡಿದ' ಎಂಬಂಥ ರೂಪಗಳನ್ನು 'ರಿಲೇಟಿವ್ ಪಾರ್ಟಿಸಿಪಲ್' ಎಂದು ಕರೆದರು. 'ಮಾಡಿ' ಎಂಬುದಕ್ಕೆ 'ವರ್ಬಲ್ ಪಾರ್ಟಿಸಿಪಲ್' ಎಂದೂ 'ಜೆರಂಡ್' ಎಂದೂ ಎರಡು ಹೆಸರುಗಳು ನಡೆದವು. 1872ರಲ್ಲಿ ಶಬ್ದಮಣಿದರ್ಪಣವನ್ನು ಮಂಗಳೂರಿನಿಂದ ಪ್ರಕಟಿಸಿದ್ದ ಕಿಟ್ಟೆಲ್ಲರು 1903ರ ತಮ್ಮ ವ್ಯಾಕರಣದಲ್ಲಿ ಕೇಶಿರಾಜನನ್ನು ಹೆಜ್ಜೆಹೆಜ್ಜೆಗೂ ಮುಂದಿಟ್ಟುಕೊಂಡು ಸಾಗಿದುದು ಅವರ ಹಿರಿಮೆ. ಉಳಿದವರಲ್ಲಿ ಬಹುಮಂದಿಗೆ ಲ್ಯಾಟಿನ್ನಿನ ಚೌಕಟ್ಟೇ ಸಾಕಾಯಿತು. ಅದನ್ನು ಆಕ್ಷೇಪಿಸುವ ಅಧಿಕಾರ ನಮ್ಮ ಪ್ರಾಚೀನರಿಗೂ ಪೂರ್ತಿಯಾಗಿ ಇಲ್ಲ. ಅವರೂ ಸಂಸ್ಕೃತದ ಚೌಕಟ್ಟಿನಲ್ಲಿಯೇ ಕನ್ನಡವನ್ನು ಕೂರಿಸಲು ಯತ್ನಿಸಿದವರು. ಈ ದೋಷವನ್ನು ಡಿ.ಎನ್. ಶಂಕರ ಭಟ್ಟರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂಬ ಕೃತಿಯಲ್ಲಿ ತೀಕ್ಷ್ಣವಾಗಿ ಎತ್ತಿ ತೋರಿಸಿದ್ದಾರೆ.

ತರಗತಿಗೆ ಬಂದಾಗ ಈ ಹೆಸರುಗಳಿಂದ ಒಂದು ಅನರ್ಥ ಸಂಭವಿಸಿತು. 'ಮಾಡಿ' ಎಂದರೆ 'ಹ್ಯಾವಿಂಗ್ ಡನ್', 'ಬಂದು' ಎಂದರೆ 'ಹ್ಯಾವಿಂಗ್ ಕಮ್' ಎಂಬ ಸಮೀಕರಣವು ಬಾಯಿಪಾಠವಾಗಿ ನಿಂತಿತು. ಏಕಕರ್ತೃಕವಾದೆಡೆ ಇದು ಸರಿಹೋಗುತ್ತದೆ: 'ಅವನು ಊಟ ಮಾಡಿ ಮಲಗಿದನು' ಎಂಬುದನ್ನು ಹಾಗೆಯೇ ದಾಟಿಸಬಹುದು. ಆದರೆ ಹೊಸಗನ್ನಡವು ಎಕಾರಾಂತ ರೂಪವನ್ನು ಬಹುಮಟ್ಟಿಗೆ ಕೈಬಿಟ್ಟಿದೆ. ಭಿನ್ನಕರ್ತೃಕದ ಹೊರೆಯಲ್ಲಿ ಒಂದು ಪಾಲು 'ಬಂದಾಗ', 'ಬರಲು' ಮುಂತಾದವುಗಳ ಮೇಲೆ ಬಿದ್ದರೆ ಮತ್ತೊಂದು ಪಾಲು 'ಬಂದು' ಎಂಬುದರ ಮೇಲೆಯೇ ಬಿದ್ದಿದೆ. 'ಮಳೆ ಬಂದು ಕೆರೆ ತುಂಬಿತು' ಎನ್ನುತ್ತೇವೆ. ಬಂದದ್ದು ಮಳೆ, ತುಂಬಿದ್ದು ಕೆರೆ, ಕರ್ತೃ ಎರಡು. 'ಅವನು ಊರಿಗೆ ಬಂದು ಎರಡು ವರ್ಷವಾಯಿತು' ಎನ್ನುತ್ತೇವೆ. ಬಂದವನು ಅವನು, ಆದದ್ದು ವರ್ಷ. ಹೀಗೆಂದು ಎಲ್ಲೆಡೆಯೂ ಸಲ್ಲುವುದಿಲ್ಲ: 'ಅವನು ಬಂದು ನಾನು ಹೋದೆನು' ಎಂದು ಯಾರೂ ಹೇಳರು. ಮೊದಲ ಕ್ರಿಯೆಯಿಂದ ಎರಡನೆಯದು ತಾನಾಗಿ ಒದಗುವಾಗ, ಅಥವಾ ಕಾಲದ ಅಳತೆಯನ್ನು ಹೇಳುವಾಗ ಮಾತ್ರ ಕನ್ನಡವು ಈ ಸಡಿಲಿಕೆಯನ್ನು ಕೊಡುತ್ತದೆ. ಈ ಸೂಕ್ಷ್ಮವನ್ನು ತಿಳಿಸದೆ ಸಮೀಕರಣವನ್ನಷ್ಟೇ ಕೈಗಿತ್ತರೆ 'ಹ್ಯಾವಿಂಗ್ ಕಮ್ ಟು ದಿ ವಿಲೇಜ್, ಟೂ ಇಯರ್ಸ್ ಪಾಸ್ಡ್' ಎಂಬ ವಾಕ್ಯವು ಹುಟ್ಟುತ್ತದೆ. ಊರಿಗೆ ಬಂದವರು ಎರಡು ವರ್ಷಗಳು!

ಈ ವಾಕ್ಯಕ್ಕೆ ಕೆಂಪು ಗೆರೆ ಎಳೆಯುವುದು ಸುಲಭ. ಕಾರಣ ಹೇಳಲು ಕೃದಂತದ ಕರ್ತೃವನ್ನು ಹುಡುಕುವ ಅಭ್ಯಾಸ ಬೇಕು. ಅದಕ್ಕೆ ಬೇಕಾದ ಪರಿಭಾಷೆ ಕನ್ನಡದ ಅಧ್ಯಾಪಕನ ಬಳಿ ಸಿದ್ಧವಾಗಿದೆ. ವಿಷಾದದ ಸಂಗತಿಯೆಂದರೆ ಶಾಲೆಯಲ್ಲಿ ಕನ್ನಡ ವ್ಯಾಕರಣದ ಗಂಟೆಗೂ ಇಂಗ್ಲಿಷ್ ವ್ಯಾಕರಣದ ಗಂಟೆಗೂ ನಡುವೆ ಮಾತುಕತೆಯಿಲ್ಲ. ಒಂದರಲ್ಲಿ ಸತಿಸಪ್ತಮಿಯನ್ನು ಹಳಗನ್ನಡ ಪದ್ಯದ ಅವಶೇಷವೆಂದು ಬರೆಯಿಸುತ್ತಾರೆ, ಮತ್ತೊಂದರಲ್ಲಿ ಅದನ್ನೇ ಹೊಸ ಹೆಸರಿನಿಂದ ವಿದೇಶೀ ಸರಕೆಂದು ಕಲಿಸುತ್ತಾರೆ. ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದೇ ಕನ್ನಡದ ಕಟ್ಟನ್ನು ಕುರಿತು ಬರೆದರು. ಮಾಲೂರು ಸೀಮೆಯ ಮಾಸ್ತಿಯವರು ಮದರಾಸು ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಎಂ.ಎ. ಮಾಡಿ ಕನ್ನಡದ ಕಥೆಗಾರರಾದರು. ಎರಡು ವ್ಯಾಕರಣಗಳನ್ನು ಒಂದೇ ತಲೆಯಲ್ಲಿ ಇಟ್ಟುಕೊಳ್ಳುವುದು ಆ ತಲೆಮಾರಿಗೆ ಕಷ್ಟವಾಗಿರಲಿಲ್ಲ.

ಇಂಗ್ಲಿಷೂ ತನ್ನ ಕಟ್ಟಳೆಯನ್ನು ಸದಾ ಪಾಲಿಸುವುದಿಲ್ಲವೆಂಬುದನ್ನು ಇಲ್ಲಿ ಹೇಳಬೇಕು. 'ಕನ್ಸಿಡರಿಂಗ್', 'ಕನ್ಸರ್ನಿಂಗ್', 'ಜೆನರಲಿ ಸ್ಪೀಕಿಂಗ್' ಎಂಬವು ಯಾವ ಕರ್ತೃವಿಗೂ ಅಂಟದೆ ನಿಂತರೂ ಯಾರೂ ಆಕ್ಷೇಪಿಸರು. ಅವು ಕೃದಂತತ್ವವನ್ನು ಕಳೆದುಕೊಂಡು ಅವ್ಯಯಗಳಾಗಿ ಹೆಪ್ಪುಗಟ್ಟಿವೆ. ಕನ್ನಡದಲ್ಲಿ 'ಕುರಿತು', 'ಬಿಟ್ಟು', 'ಹಿಡಿದು' ಎಂಬವುಗಳಿಗೆ ಒದಗಿದುದು ಇದೇ ಗತಿ. 'ಮುಳುಬಾಗಿಲಿನಿಂದ ಹಿಡಿದು ನರಸಾಪುರದವರೆಗೆ' ಎಂದಾಗ ಯಾರು ಏನನ್ನು ಹಿಡಿದರೆಂದು ಯಾರೂ ಕೇಳುವುದಿಲ್ಲ. 'ಅವನನ್ನು ಬಿಟ್ಟು ಬೇರೆ ಯಾರೂ ಬರಲಿಲ್ಲ' ಎಂಬಲ್ಲಿ ಬಿಟ್ಟವರು ಯಾರೂ ಇಲ್ಲ. ಹಾಗೆ ಹೆಪ್ಪುಗಟ್ಟದ 'ಕ್ಲೀನಿಂಗ್' ಎಂಬುದಕ್ಕೆ ಮಾತ್ರ ಕರ್ತೃ ಬೇಕೇ ಬೇಕು. ಯಂತ್ರದ ಪಕ್ಕದ ಸೂಚನೆಯಲ್ಲಿ 'ಯು' ಎಂಬ ಒಂದು ಪದವನ್ನು ಸೇರಿಸಿ 'ವೆನ್ ಯು ಕ್ಲೀನ್ ದಿ ಮಷೀನ್' ಎಂದು ತಿದ್ದಿದರೆ ಶುಚಿಮಾಡುವ ಕೆಲಸವು ಸ್ವಿಚ್ಚಿನಿಂದ ಮನುಷ್ಯನಿಗೆ ಮರಳುತ್ತದೆ.